ರಸಮೇವಿನ ಲೆಕ್ಕ: ಶಕ್ತಿ ಎಷ್ಟು, ಪ್ರೋಟೀನು ಎಷ್ಟು, ಉಳಿತಾಯ ಎಷ್ಟು?

ಹೈನುಗಾರಿಕೆಯ ಒಟ್ಟು ಖರ್ಚಿನಲ್ಲಿ ಮೇವು ಮತ್ತು ಪಶು ಆಹಾರದ ಪಾಲು ಸಾಮಾನ್ಯವಾಗಿ ಶೇ. 60ರಿಂದ 70ರಷ್ಟಿರುತ್ತದೆ ಎಂಬುದು ಸರ್ವವಿದಿತ. ಹಾಲಿನ ದರವನ್ನು ಉತ್ಪಾದಕರು ನಿರ್ಧರಿಸುವುದಿಲ್ಲ, ಒಕ್ಕೂಟ ನಿರ್ಧರಿಸುತ್ತದೆ. 2008ರಲ್ಲಿ ಲೀಟರಿಗೆ 2 ರೂ.ಗಳಂತೆ ಆರಂಭಗೊಂಡ ರಾಜ್ಯ ಸರ್ಕಾರದ ಪ್ರೋತ್ಸಾಹಧನವಾಗಲಿ, 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಮಾಡಲಾದ 4 ರೂ.ಗಳ ದರ ಏರಿಕೆಯಾಗಲಿ ಹೈನುಗಾರ ಕುಟುಂಬದ ಕೈಯಲ್ಲಿದ್ದ ತೀರ್ಮಾನಗಳಲ್ಲ. ಅದರ ಕೈಯಲ್ಲಿರುವುದು ಗೋದಲಿಯೊಂದೇ. ಗೋದಲಿಗೆ ಏನು ಬೀಳುತ್ತದೆ, ಯಾವ ದರಕ್ಕೆ ಬೀಳುತ್ತದೆ ಎಂಬುದರ ಮೇಲೆಯೇ ಬಟವಾಡೆಯ ದಿನ ಮನೆಗೆ ಏನಾದರೂ ಉಳಿಯುತ್ತದೆಯೇ ಎಂಬುದು ನಿಂತಿದೆ.

ಈ ವಿಷಯ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಹೊರಗಿನದಲ್ಲ. ಹಿಂಡಿ, ಬೂಸಾ ವ್ಯಾಪಾರಿಗಳು, ಎಣ್ಣೆ ಗಿರಣಿಗಳು, ಪಶು ಆಹಾರ ಮಿಶ್ರಣ ಘಟಕಗಳು, ಮೇವು ಕತ್ತರಿಸುವ ಯಂತ್ರ ತಯಾರಕರು, ಪಾಲಿಥೀನ್ ಹಾಳೆಯ ವಿತರಕರು ಎಲ್ಲರೂ ಈ ಗೋದಲಿಯ ಸುತ್ತಲೇ ಇದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಇವರ ಸಾಲಿಗೆ ಮುಸುಕಿನ ಜೋಳದ ರಸಮೇವನ್ನು, ಅಂದರೆ ಸೈಲೇಜನ್ನು, ಕಟ್ಟುಕಟ್ಟಾಗಿ ಮಾರುವವರೂ ಸೇರಿದ್ದಾರೆ. ಹೊಸ ವ್ಯಾಪಾರವೆಂದು ಬಂಡವಾಳ ಹೂಡುವ ಮುನ್ನ ಅದರ ಲೆಕ್ಕವನ್ನು ಎರಡೂ ಕಡೆಯಿಂದ, ಅಂದರೆ ಕೊಳ್ಳುವ ಹೈನುಗಾರರ ಕಡೆಯಿಂದಲೂ ಮಾರುವ ಉದ್ಯಮಿಯ ಕಡೆಯಿಂದಲೂ, ನೋಡುವುದು ಅಗತ್ಯ.

ರಸಮೇವು ಎಂದರೇನು?

ಮುಸುಕಿನ ಜೋಳದ ತೆನೆಯಲ್ಲಿ ಕಾಳು ಹಾಲುಗಟ್ಟಿ ಹಿಟ್ಟಾಗುವ ಹಂತದಲ್ಲಿ ಇಡೀ ಗಿಡವನ್ನು ತೆನೆಸಹಿತ ಕಟಾವು ಮಾಡಿ, 1ರಿಂದ 2 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಗಾಳಿಯಾಡದಂತೆ ಒತ್ತಿ ಮುಚ್ಚಿಡಲಾಗುತ್ತದೆ. ಗಿಡದಲ್ಲಿರುವ ಸಕ್ಕರೆಯನ್ನು ಬಳಸಿಕೊಂಡು ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುತ್ತವೆ. ಪಿಎಚ್ ಮೌಲ್ಯ 4ರ ಆಸುಪಾಸಿಗೆ ಇಳಿದಾಗ ಕೊಳೆಸುವ ಸೂಕ್ಷ್ಮಜೀವಿಗಳ ಆಟ ನಿಲ್ಲುತ್ತದೆ. ಸುಮಾರು 45 ದಿನಗಳಲ್ಲಿ ಮೇವು ಬಳಕೆಗೆ ಸಿದ್ಧವಾಗುತ್ತದೆ. ಗಾಳಿ ತಾಗದಿದ್ದಲ್ಲಿ ತಿಂಗಳುಗಟ್ಟಲೆ ಕೆಡದು. ಮನೆಯವರು ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಬಿಗಿಯುವುದರ ಹಿಂದಿನ ತಿಳಿವಳಿಕೆಯೇ ಇಲ್ಲಿಯೂ ಇದೆ.

ಉತ್ತಮ ರಸಮೇವಿನಲ್ಲಿ ಶುಷ್ಕಾಂಶ ಶೇ. 30ರಿಂದ 35ರಷ್ಟಿರಬೇಕು. ಉಳಿದದ್ದು ನೀರು. ಈ ಶುಷ್ಕಾಂಶದಲ್ಲಿ ಒಟ್ಟು ಜೀರ್ಣವಾಗುವ ಪೋಷಕಾಂಶ ಸುಮಾರು ಶೇ. 65; ಕಚ್ಚಾ ಪ್ರೋಟೀನು ಮಾತ್ರ ಸುಮಾರು ಶೇ. 8. ಮುಂದಿನ ಎಲ್ಲ ಲೆಕ್ಕಕ್ಕೂ ಮೂಲ ಈ ಎರಡು ಅಂಕಿಗಳು: ಶಕ್ತಿಯಲ್ಲಿ ರಸಮೇವು ಸಿರಿವಂತ, ಪ್ರೋಟೀನಿನಲ್ಲಿ ಬಡವ.

ಹಸುವಿನ ಜಮಾ-ಖರ್ಚು

400 ಕಿ.ಗ್ರಾಂ ತೂಕದ, ಶೇ. 3.5 ಜಿಡ್ಡಿನಂಶವುಳ್ಳ ಹಾಲನ್ನು ದಿನಕ್ಕೆ 10 ಲೀಟರ್ ಕೊಡುವ ಮಿಶ್ರತಳಿ ಹಸುವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ದೇಹಪೋಷಣೆ ಮತ್ತು ಹಾಲು ಎರಡಕ್ಕೂ ಸೇರಿ ಅದಕ್ಕೆ ದಿನಕ್ಕೆ ಸುಮಾರು 6.2 ಕಿ.ಗ್ರಾಂ ಜೀರ್ಣವಾಗುವ ಪೋಷಕಾಂಶ ಮತ್ತು ಸುಮಾರು 1.2 ಕಿ.ಗ್ರಾಂ ಕಚ್ಚಾ ಪ್ರೋಟೀನು ಬೇಕು. ಇದು ಖರ್ಚಿನ ಬದಿ.

ಜಮಾ ಬದಿಯಲ್ಲಿ 20 ಕಿ.ಗ್ರಾಂ ರಸಮೇವು ಮತ್ತು 2 ಕಿ.ಗ್ರಾಂ ರಾಗಿ ಹುಲ್ಲು ಇವೆಯೆಂದು ಭಾವಿಸೋಣ. ಇವುಗಳಿಂದಲೇ ಸುಮಾರು 5.1 ಕಿ.ಗ್ರಾಂ ಪೋಷಕಾಂಶ ದೊರೆಯುತ್ತದೆ. ಶಕ್ತಿಯಲ್ಲಿ ಕೊರತೆ ಕೇವಲ 1.1 ಕಿ.ಗ್ರಾಂ. ಆದರೆ ಪ್ರೋಟೀನು ಸಿಗುವುದು ಸುಮಾರು 590 ಗ್ರಾಂ ಮಾತ್ರ, ಅರ್ಧದಷ್ಟು ಕೊರತೆ.

ಈ ಕೊರತೆಯನ್ನು ತುಂಬುವಲ್ಲಿಯೇ ಸಾಮಾನ್ಯವಾಗಿ ತಪ್ಪಾಗುತ್ತದೆ. ಹಿಂದಿನಿಂದ ಬಂದ ರೂಢಿಯಂತೆ ಒಂದೂವರೆ ಕಿ.ಗ್ರಾಂ ಜೋಳದ ಹಿಟ್ಟು, ಒಂದೂವರೆ ಕಿ.ಗ್ರಾಂ ಗೋಧಿ ಬೂಸಾ ಕಲಸಿ ಇಡಲಾಗುತ್ತದೆ. ಆಗ ಪೋಷಕಾಂಶ 7.2 ಕಿ.ಗ್ರಾಂ ತಲುಪಿ ಅಗತ್ಯಕ್ಕಿಂತ 1 ಕಿ.ಗ್ರಾಂ ಹೆಚ್ಚಾಗುತ್ತದೆ, ಪ್ರೋಟೀನು ಮಾತ್ರ 950 ಗ್ರಾಂನಲ್ಲಿಯೇ ನಿಲ್ಲುತ್ತದೆ. ಒಂದು ಲೀಟರ್ ಹಾಲಿಗೆ ಸುಮಾರು 85 ಗ್ರಾಂ ಕಚ್ಚಾ ಪ್ರೋಟೀನು ಬೇಕೆಂಬುದನ್ನು ನೆನೆದರೆ, ಈ 250 ಗ್ರಾಂ ಕೊರತೆ ಸುಮಾರು 3 ಲೀಟರ್ ಹಾಲಿಗೆ ಸಮ. ಹಸು ಕೆಲಕಾಲ ತನ್ನ ಮೈಯಿಂದ ತೆಗೆದು ಕೊಡುತ್ತದೆ. ಬಳಿಕ ಹಾಲು ಇಳಿಸುತ್ತದೆ. ಜೋಳದ ಮೇವಿನ ಮೇಲೆ ಜೋಳದ ಹಿಟ್ಟನ್ನೇ ಸುರಿಯುವುದೆಂದರೆ ತುಂಬಿದ ಖಾತೆಗೇ ಮತ್ತೆ ಹಣ ಕಟ್ಟಿ, ಖಾಲಿ ಖಾತೆಯ ಚೆಕ್ಕನ್ನು ಹಿಂದಕ್ಕೆ ಬರಗೊಟ್ಟಂತೆ.

ಲೆಕ್ಕದ ಅನುಕೂಲಕ್ಕಾಗಿ ಹಿಟ್ಟು, ಬೂಸಾ ಮತ್ತು ಶೇ. 20 ಪ್ರೋಟೀನಿನ ಪಶು ಆಹಾರ ತಲಾ ಕಿ.ಗ್ರಾಂಗೆ 26 ರೂ., ಕಡಲೆಕಾಯಿ ಹಿಂಡಿ 45 ರೂ. ಎಂದಿಟ್ಟುಕೊಳ್ಳಬಹುದು. ಇವು ಊಹಿಸಿಕೊಂಡ ದರಗಳು. ಓದುಗರು ತಮ್ಮ ಊರಿನ ದರವನ್ನು ಹಾಕಿಕೊಂಡು ನೋಡಬೇಕು.

1. ಹಿಟ್ಟು 1.5, ಬೂಸಾ 1.5 ಕಿ.ಗ್ರಾಂ: ಖರ್ಚು 78 ರೂ. ಒಟ್ಟು ಪ್ರೋಟೀನು 950 ಗ್ರಾಂ. ಸಾಲದು.
2. ಕಡಲೆಕಾಯಿ ಹಿಂಡಿ 1, ಬೂಸಾ 1.5 ಕಿ.ಗ್ರಾಂ: ಖರ್ಚು 84 ರೂ. ಒಟ್ಟು ಪ್ರೋಟೀನು ಸುಮಾರು 1,235 ಗ್ರಾಂ. ಶಕ್ತಿಯೂ ಸಾಕು.
3. ಪಶು ಆಹಾರ 3 ಕಿ.ಗ್ರಾಂ: ಖರ್ಚು 78 ರೂ. ಒಟ್ಟು ಪ್ರೋಟೀನು ಸುಮಾರು 1,190 ಗ್ರಾಂ. ಬಹುತೇಕ ಸರಿದೂಗಿತು.

ಮೊದಲನೆಯದಕ್ಕೂ ಮೂರನೆಯದಕ್ಕೂ ಖರ್ಚು ಒಂದೇ. ವ್ಯತ್ಯಾಸವಿರುವುದು ಸಂಜೆಯ ಹಾಲಿನ ಪಾತ್ರೆಯಲ್ಲಿ.

ಇದಕ್ಕೆ ವೈಜ್ಞಾನಿಕ ಕಾರಣವೂ ಇದೆ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಗೆ ಶಕ್ತಿ ಮತ್ತು ಸಾರಜನಕ ಎರಡೂ ಒಟ್ಟಿಗೆ ದೊರೆತಾಗಲೇ ಅವು ವೃದ್ಧಿಯಾಗುತ್ತವೆ. ಆ ಜೀವಿಗಳೇ ಮುಂದೆ ಹಸುವಿಗೆ ಪ್ರೋಟೀನಾಗುತ್ತವೆ. ಶಕ್ತಿ ಮಾತ್ರ ಹೆಚ್ಚಾದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಮೆಲುಕು ಕುಗ್ಗಿ, ಹಾಲಿನ ಜಿಡ್ಡಿನಂಶ ಇಳಿಯುತ್ತದೆ. ಜಿಡ್ಡಿನಂಶ ಇಳಿದರೆ ಸಂಘದಲ್ಲಿ ದರವೂ ಇಳಿಯುತ್ತದೆ. ಆದುದರಿಂದ ರಸಮೇವಿನ ಜೊತೆ ಒಂದೆರಡು ಕಿ.ಗ್ರಾಂ ಒಣಹುಲ್ಲು ಇರಲೇಬೇಕು. ಹೊಸ ಮೇವಿಗೆ ಹಸುವನ್ನು 10ರಿಂದ 14 ದಿನಗಳಲ್ಲಿ ಹಂತಹಂತವಾಗಿ ಒಗ್ಗಿಸಬೇಕು. ಖನಿಜ ಮಿಶ್ರಣವನ್ನು ಮರೆಯಬಾರದು.

ಹಿಂಡಿ ಕೊಳ್ಳುವಾಗ: ಚೀಲದ ದರವಲ್ಲ, ಪ್ರೋಟೀನಿನ ದರ

ಪ್ರೋಟೀನಿಗಾಗಿಯೇ ಕೊಳ್ಳುವ ಸರಕಿನ ದರವನ್ನು ಪ್ರೋಟೀನಿನ ಕಿ.ಗ್ರಾಂ ಲೆಕ್ಕದಲ್ಲಿಯೇ ಹೋಲಿಸಬೇಕು. ಶೇ. 42 ಪ್ರೋಟೀನಿನ ಕಡಲೆಕಾಯಿ ಹಿಂಡಿ 45 ರೂ.ಗೆ ದೊರೆತರೆ ಒಂದು ಕಿ.ಗ್ರಾಂ ಪ್ರೋಟೀನಿಗೆ ಬೀಳುವುದು 107 ರೂ. ಶೇ. 23 ಪ್ರೋಟೀನಿನ, ಸಿಪ್ಪೆಸಹಿತ ಹತ್ತಿಕಾಳು ಹಿಂಡಿ 36 ರೂ.ಗೆ ದೊರೆತರೆ 157 ರೂ. ಶೇ. 15ರ ಬೂಸಾ 26 ರೂ.ಗೆ ದೊರೆತರೆ 173 ರೂ. ಶೇ. 9ರ ಜೋಳದ ಹಿಟ್ಟಿನಲ್ಲಿ 289 ರೂ. ಚೀಲದ ಮೇಲಿನ ದರದಲ್ಲಿ ಎಲ್ಲಕ್ಕಿಂತ ದುಬಾರಿಯಾಗಿ ಕಾಣುವ ಸರಕೇ ಇಲ್ಲಿ ಎಲ್ಲಕ್ಕಿಂತ ಅಗ್ಗ. ಹಿಂಡಿಯಲ್ಲಿ ಶಕ್ತಿಯೂ ಜಿಡ್ಡೂ ಇರುತ್ತವೆಂಬುದು ನಿಜ. ಆದರೆ ರಸಮೇವು ತಿನ್ನುವ ಹಸುವಿಗೆ ಶಕ್ತಿಯ ಕೊರತೆ ಅಲ್ಪವಾದ್ದರಿಂದ ಪ್ರೋಟೀನಿನ ದರವೇ ಮುಖ್ಯ ಅಳತೆಗೋಲು.

ಇತ್ತೀಚೆಗೆ ಜೋಳದಿಂದ ಎಥನಾಲ್ ತಯಾರಿಕೆ ಹೆಚ್ಚಿದಂತೆ ಅದರ ಉಪೋತ್ಪನ್ನವಾದ ಡಿಡಿಜಿಎಸ್ ಪಶು ಆಹಾರ ಘಟಕಗಳಿಗೆ ಹೇರಳವಾಗಿ ಬರುತ್ತಿದೆ. ಜೋಳದ ಡಿಡಿಜಿಎಸ್‌ನಲ್ಲಿ ಪ್ರೋಟೀನು ಶೇ. 26ರಿಂದ 30ರ ಆಸುಪಾಸಿನಲ್ಲಿರುತ್ತದೆ. ಆದರೆ ಮೂಲ ಕಾಳಿನಲ್ಲಿ ಬೂಷ್ಟಿನ ವಿಷವಿದ್ದರೆ ಅದು ಉಪೋತ್ಪನ್ನದಲ್ಲಿ ಸಾಂದ್ರವಾಗಿ ಉಳಿಯುತ್ತದೆ. ಕಡಲೆಕಾಯಿ ಮತ್ತು ಹತ್ತಿಕಾಳು ಹಿಂಡಿಗಳಿಗೂ ಇದೇ ಅಪಾಯವಿದೆ. ಹಸು ತಿಂದ ಅಫ್ಲಾಟಾಕ್ಸಿನ್‌ನ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ಅದರ ಮಿತಿ ಕಿ.ಗ್ರಾಂಗೆ 0.5 ಮೈಕ್ರೋಗ್ರಾಂ. ಒದ್ದೆ ಗೋದಾಮಿನಲ್ಲಿ ಬೂಷ್ಟು ಹಿಡಿದ ಹಿಂಡಿಯನ್ನು ಒಣಗಿಸಿ, ಪುಡಿಮಾಡಿ ಮಾರಿದರೆ ಬೂಷ್ಟು ಕಾಣದಿರಬಹುದು, ವಿಷ ಹೋಗುವುದಿಲ್ಲ. ಅದು ಕೊನೆಗೆ ಸೇರುವುದು ಮಗುವಿನ ಲೋಟವನ್ನು.

ಕಲಬೆರಕೆಯ ಇನ್ನೊಂದು ಬಗೆಯನ್ನೂ ವರ್ತಕರು ಅರಿತಿರಬೇಕು. ಪ್ರಯೋಗಾಲಯಗಳು ಕಚ್ಚಾ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತವೆ. ಯೂರಿಯದಲ್ಲಿ ಶೇ. 46 ಸಾರಜನಕವಿರುವುದರಿಂದ ಈ ಗುಣಾಕಾರದಲ್ಲಿ ಅದು ಶೇ. 287 ‘ಪ್ರೋಟೀನು’ ತೋರಿಸುತ್ತದೆ. ಒಂದು ಹಿಡಿ ಯೂರಿಯ ಕಳಪೆ ಹಿಂಡಿಯನ್ನು ಕಾಗದದ ಮೇಲೆ ಉತ್ತಮವಾಗಿಸಬಲ್ಲದು. ಪ್ರಮಾಣ ಮೀರಿದರೆ ಹಸುವನ್ನು ಕೊಲ್ಲಬಲ್ಲದು. ಆದ್ದರಿಂದ ದೊಡ್ಡ ಖರೀದಿಯಲ್ಲಿ ಯೂರಿಯ ಪರೀಕ್ಷೆಯನ್ನೂ ಪ್ರತ್ಯೇಕವಾಗಿ ಕೇಳಿ ಪಡೆಯುವುದು ಲೇಸು. ಮಿಶ್ರ ಪಶು ಆಹಾರಕ್ಕೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 2052 ಮಾನದಂಡವಿದ್ದು, ಮೊದಲ ದರ್ಜೆಗೆ ಕನಿಷ್ಠ ಶೇ. 22, ಎರಡನೆಯದಕ್ಕೆ ಶೇ. 20 ಪ್ರೋಟೀನು ಇರಬೇಕೆಂದು ಅದು ಹೇಳುತ್ತದೆ.

ನಿಜವಾದ ಗ್ರಾಹಕ ಯಾರು?

ರಸಮೇವು ಮಾರಲು ಹೊರಟವರು ಎಲ್ಲ ಹೈನುಗಾರರೂ ತಮ್ಮ ಗ್ರಾಹಕರೆಂದು ಭಾವಿಸುವುದುಂಟು. ಲೆಕ್ಕ ಹಾಗೆ ಹೇಳುವುದಿಲ್ಲ.

ಮೇಲಿನ 10 ಲೀಟರ್ ಹಸುವನ್ನೇ ಕೋಲಾರ, ಚಿಕ್ಕಬಳ್ಳಾಪುರ ಭಾಗದ ರೂಢಿಯಂತೆ ರಾಗಿ ಹುಲ್ಲಿನ ಮೇಲೆ ಸಾಕಿದರೆ 8 ಕಿ.ಗ್ರಾಂ ಹುಲ್ಲು ಮತ್ತು 5 ಕಿ.ಗ್ರಾಂ ಪಶು ಆಹಾರ ಬೇಕಾಗುತ್ತದೆ. ಹುಲ್ಲಿಗೆ 6 ರೂ. ದರ ಹಿಡಿದರೆ ದಿನದ ಖರ್ಚು 178 ರೂ. ರಸಮೇವಿನ ಪದ್ಧತಿಯಲ್ಲಿ 20 ಕಿ.ಗ್ರಾಂ ರಸಮೇವು, 2 ಕಿ.ಗ್ರಾಂ ಹುಲ್ಲು, 3 ಕಿ.ಗ್ರಾಂ ಪಶು ಆಹಾರ. ರಸಮೇವನ್ನು 7 ರೂ.ಗೆ ಕೊಂಡರೆ ಖರ್ಚು 230 ರೂ. ದಿನಕ್ಕೆ 52 ರೂ. ಹೆಚ್ಚು! ಸ್ವಂತ ಹೊಲದಲ್ಲಿ ಬೆಳೆದು 4 ರೂ.ಗಳಲ್ಲಿ ತಯಾರಿಸಿಕೊಂಡರೆ 170 ರೂ. ಈ ದರಗಳಲ್ಲಿ ಎರಡೂ ಪದ್ಧತಿಗಳು ಸಮವಾಗುವುದು ರಸಮೇವಿನ ಬೆಲೆ 4 ರೂ. 40 ಪೈಸೆ ಇದ್ದಾಗ. ಅಂದರೆ ಹುಲ್ಲು ಅಗ್ಗವಾಗಿರುವ ಊರಿನಲ್ಲಿ, 10 ಲೀಟರ್ ಕರೆಯುವ ಹಸುವಿಗೆ, ಕೊಂಡ ರಸಮೇವು ಲಾಭ ತರುವುದಿಲ್ಲ.

ಆದರೆ 450 ಕಿ.ಗ್ರಾಂ ತೂಗಿ 20 ಲೀಟರ್ ಕೊಡುವ ಹಸುವಿನ ಲೆಕ್ಕ ಬೇರೆ. ಅದಕ್ಕೆ ದಿನಕ್ಕೆ ಸುಮಾರು 9.6 ಕಿ.ಗ್ರಾಂ ಪೋಷಕಾಂಶ, 2 ಕಿ.ಗ್ರಾಂಗೂ ಮೀರಿದ ಪ್ರೋಟೀನು ಬೇಕು. ಆದರೆ ಅದು ತಿನ್ನಬಲ್ಲ ಶುಷ್ಕಾಂಶ ಸುಮಾರು 15 ಕಿ.ಗ್ರಾಂ ಮಾತ್ರ. 8 ಕಿ.ಗ್ರಾಂ ರಾಗಿ ಹುಲ್ಲು ತಿನ್ನಿಸಿದರೆ ಉಳಿದದ್ದಕ್ಕೆ 10 ಕಿ.ಗ್ರಾಂ ಪಶು ಆಹಾರ ಬೇಕಾಗುತ್ತದೆ. ಹೊಟ್ಟೆಯಲ್ಲಿ ಅಷ್ಟು ಜಾಗವಿಲ್ಲ, ಆಮ್ಲತೆಯ ಅಪಾಯ ಬೇರೆ. 25 ಕಿ.ಗ್ರಾಂ ರಸಮೇವು ಇದ್ದಲ್ಲಿ 7 ಕಿ.ಗ್ರಾಂ ಪಶು ಆಹಾರದಿಂದ ಅಗತ್ಯ ಪೂರೈಸುತ್ತದೆ. ಇಲ್ಲಿ ರಸಮೇವು ಅನುಕೂಲವಲ್ಲ, ಅನಿವಾರ್ಯ. ಹೆಚ್ಚು ಹಾಲಿನ ಹಸುಗಳಿರುವ ಕೊಟ್ಟಿಗೆ, ಸ್ವಂತ ಜಮೀನಿಲ್ಲದ ನಗರದಂಚಿನ ಡೇರಿ, ಬೇಸಿಗೆಯಲ್ಲಿ ಹಸಿಮೇವು ಬತ್ತುವ ಪ್ರದೇಶ, ಇವು ನಿಜವಾದ ಮಾರುಕಟ್ಟೆ. ಉಳಿದವರಿಗೆ ಮಾಲು ಮಾರಿದರೆ ಒಮ್ಮೆ ಮಾರಬಹುದು. ಎರಡನೆಯ ಸಲ ಅವರು ಬರುವುದಿಲ್ಲ, ಮೊದಲ ಸಲದ ಬಾಕಿಯೂ ಬರುವುದು ಕಷ್ಟ.

ತಯಾರಕರು ಗಮನಿಸಬೇಕಾದ ಅಂಶಗಳು

ಮೊದಲನೆಯದು, ನೀರಿನ ಬೆಲೆ. ಕಿ.ಗ್ರಾಂಗೆ 7 ರೂ. ಎಂದು ಮಾರುವ ಮಾಲಿನಲ್ಲಿ ಶುಷ್ಕಾಂಶ ಶೇ. 35 ಇದ್ದರೆ ಒಂದು ಕಿ.ಗ್ರಾಂ ಶುಷ್ಕಾಂಶಕ್ಕೆ 20 ರೂ. ಬಿದ್ದಂತೆ, ಶೇ. 25 ಇದ್ದರೆ 28 ರೂ. ಎಳೆಯ ಗಿಡವನ್ನು ಕತ್ತರಿಸಿ ತುಂಬಿದವರು ಗೊತ್ತಿದ್ದೋ ಗೊತ್ತಿಲ್ಲದೆಯೋ ನೀರು ಮಾರುತ್ತಿರುತ್ತಾರೆ. ಮಾಲಿನ 100 ಗ್ರಾಂ ಮಾದರಿಯನ್ನು ತೂಕ ಇಳಿಯುವುದು ನಿಲ್ಲುವವರೆಗೆ ಸುಡದಂತೆ ಒಣಗಿಸಿ ಮತ್ತೆ ತೂಗಿದರೆ ಶುಷ್ಕಾಂಶ ತಿಳಿಯುತ್ತದೆ. ಖರೀದಿ ಕರಾರಿನಲ್ಲಿ ದರವನ್ನು ಶೇ. 33 ಶುಷ್ಕಾಂಶಕ್ಕೆ ನಿಗದಿಗೊಳಿಸಿ, ಏರುಪೇರಿಗೆ ಅನುಪಾತದಂತೆ ಕೂಡಿಸಿ ಕಳೆಯುವ ಷರತ್ತು ಹಾಕಿದರೆ ಮುಂದಿನ ಜಗಳ ತಪ್ಪುತ್ತದೆ.

ಎರಡನೆಯದು, ನಷ್ಟ. ಟನ್ನಿಗೆ 4,500 ರೂ. ಖರ್ಚಿನಲ್ಲಿ 100 ಟನ್ ತುಂಬಿದ ಗುಂಡಿಯಿಂದ 90 ಟನ್ ಒಳ್ಳೆಯ ಮಾಲು ಬಂದರೆ ಅಸಲು ಕಿ.ಗ್ರಾಂಗೆ 5 ರೂ.; 75 ಟನ್ ಬಂದರೆ 6 ರೂ. ಈ ಒಂದು ರೂಪಾಯಿ ಯಾವ ಬಿಲ್ಲಿನಲ್ಲಿಯೂ ಕಾಣಿಸುವುದಿಲ್ಲ. ಟ್ರ್ಯಾಕ್ಟರ್ ಚಕ್ರ ಇನ್ನೊಂದು ಗಂಟೆ ಗುಂಡಿಯ ಮೇಲೆ ಓಡಾಡಿತೇ, ಹಾಳೆಯಲ್ಲಿ ಇಲಿ ಕೊರೆದ ತೂತಿಗೆ ಅಂದೇ ಪಟ್ಟಿ ಹಚ್ಚಲಾಯಿತೇ ಎಂಬುದರಲ್ಲಿ ಅದು ಅಡಗಿದೆ. ಪ್ರತಿ ಗುಂಡಿಗೂ ಪ್ರತಿ ಕಟ್ಟಿನ ಸರಣಿಗೂ ಒಳಬಂದ ತೂಕ, ಹೊರಹೋದ ತೂಕ, ಎಸೆದ ತೂಕ ಬರೆದಿಡುವ ಪುಸ್ತಕವಿಲ್ಲದಿದ್ದಲ್ಲಿ ವರ್ಷಾಂತ್ಯದಲ್ಲಿ ಲಾಭ ಎಲ್ಲಿ ಸೋರಿತೆಂದು ತಿಳಿಯದು.

ಮೂರನೆಯದು, ದುಡಿಯುವ ಬಂಡವಾಳ. ಮುಂಗಾರು ಜೋಳ ಮಾಗುವುದು ಕೆಲವೇ ವಾರಗಳಲ್ಲಿ. ರಸಮೇವಿಗೆ ಬೇಡಿಕೆ ಬರುವುದು ಬೇಸಿಗೆಯಲ್ಲಿ. 500 ಟನ್ ತುಂಬಲು ಮೇಲಿನ ದರದಲ್ಲಿ 22.5 ಲಕ್ಷ ರೂ. ಬೇಕು. ಅದು 5 ತಿಂಗಳು ಮಲಗಿದರೆ ಶೇ. 11ರಂತೆ ಬಡ್ಡಿಯೇ ಸುಮಾರು 1.03 ಲಕ್ಷ ರೂ.; ಕಿ.ಗ್ರಾಂಗೆ ಸುಮಾರು 21 ಪೈಸೆ. ಇದರ ಮೇಲೆ ಎರಡು ತಿಂಗಳ ಉದ್ದರಿ ಕೊಟ್ಟರೆ ಅದಕ್ಕೂ ಬಡ್ಡಿ ಓಡುತ್ತದೆ. ಹೈನುಗಾರರಿಗೆ ಹಾಲಿನ ಹಣ ಬರುವ ಬಟವಾಡೆಯ ದಿನಕ್ಕೆ ವಸೂಲಿಯನ್ನು ಹೊಂದಿಸಿಕೊಂಡವರ ಬಾಕಿ ಬೆಳೆಯುವುದಿಲ್ಲ.

ತೆರಿಗೆ ಮತ್ತು ಸಹಾಯಧನ

ಪಶು ಆಹಾರ ಮತ್ತು ಮೇವಿನ ಮೇಲೆ ಜಿಎಸ್‌ಟಿ ದರ ಶೂನ್ಯ. ಇದನ್ನು ಕೇವಲ ಅನುಕೂಲವೆಂದು ತಿಳಿಯಬಾರದು. ಮಾರಾಟಕ್ಕೆ ತೆರಿಗೆಯಿಲ್ಲದಿದ್ದಲ್ಲಿ ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆಯೂ ದೊರೆಯುವುದಿಲ್ಲ. ಶೇ. 18 ತೆರಿಗೆಯ ಪ್ಲಾಸ್ಟಿಕ್ ಹಾಳೆಯನ್ನು 1 ಲಕ್ಷ ರೂ.ಗೆ ಕೊಂಡರೆ 18,000 ರೂ. ನೇರವಾಗಿ ಅಸಲಿಗೆ ಸೇರುತ್ತದೆ. ದರಪಟ್ಟಿ ತಯಾರಿಸುವಾಗ ಇದನ್ನು ಮರೆಯುವವರೇ ಹೆಚ್ಚು. ಮೇವು ಕಟ್ಟುವ ಬೇಲರ್ ಯಂತ್ರಗಳೂ ಸೇರಿದಂತೆ ಕಟಾವು ಯಂತ್ರಗಳ ಮೇಲಿನ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿಸಿರುವುದು ಸಮಾಧಾನಕರ. ತೆರಿಗೆಯುಳ್ಳ ಇತರ ಸರಕುಗಳನ್ನೂ ಮಾರುವ ವರ್ತಕರು ಜಮೆಯನ್ನು ಅನುಪಾತದಂತೆ ಹಿಂದಿರುಗಿಸಬೇಕಾಗುವುದರಿಂದ ಎರಡೂ ವ್ಯವಹಾರಗಳ ಖರೀದಿಯನ್ನು ಮೊದಲ ದಿನದಿಂದಲೇ ಬೇರೆಬೇರೆ ಬರೆಯಬೇಕು. ಇತರರಿಂದ ಜೋಳ ಕೊಂಡು ರಸಮೇವು ಮಾಡಿ ಮಾರುವವರ ಆದಾಯ ವ್ಯಾಪಾರದ ಆದಾಯವೇ ಹೊರತು ಕೃಷಿ ಆದಾಯವಲ್ಲ ಎಂಬುದನ್ನೂ ನೆನಪಿಡಬೇಕು.

2021ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ರಸಮೇವು ಮತ್ತು ಮೇವು ಘಟಕಗಳಿಗೆ ಬಂಡವಾಳ ವೆಚ್ಚದ ಶೇ. 50ರಷ್ಟು, ಗರಿಷ್ಠ 50 ಲಕ್ಷ ರೂ.ಗಳ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಯಿತು. 2020ರಲ್ಲಿ ಘೋಷಿತವಾದ 15,000 ಕೋಟಿ ರೂ.ಗಳ ಪಶುಸಂಗೋಪನಾ ಮೂಲಸೌಕರ್ಯ ನಿಧಿಯಡಿ ಪಶು ಆಹಾರ ಘಟಕಗಳ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ ನೀಡಲಾಯಿತು. ಅರ್ಜಿ ಹಾಕುವ ಮುನ್ನ ಅಂದಿನ ನಿಯಮಗಳನ್ನು ಪಶುಸಂಗೋಪನಾ ಇಲಾಖೆಯಲ್ಲಿಯೂ ಬ್ಯಾಂಕಿನಲ್ಲಿಯೂ ಖಚಿತಪಡಿಸಿಕೊಳ್ಳುವುದು ಕ್ಷೇಮ. ಸಹಾಯಧನವಿಲ್ಲದೆ ನಿಲ್ಲಲಾರದ ಲೆಕ್ಕ, ಸಹಾಯಧನ ಬಂದ ಮೇಲೂ ಬಹುಕಾಲ ನಿಲ್ಲುವುದಿಲ್ಲ.

ಕೊನೆಯದಾಗಿ

ತಾಂತ್ರಿಕ ನೆರವಿಗೆ ನಮ್ಮ ರಾಜ್ಯದಲ್ಲಿ ಕೊರತೆಯಿಲ್ಲ. ಇಂದಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ 1923ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿಯೇ. 1955ರಲ್ಲಿ ಅದರ ಕೇಂದ್ರಸ್ಥಾನ ಕರ್ನಾಲ್‌ಗೆ ಹೋದರೂ ಆಡುಗೋಡಿಯಲ್ಲಿ ದಕ್ಷಿಣ ಕೇಂದ್ರ ಉಳಿದಿದೆ. ಪಶು ಪೋಷಣೆಗೆಂದೇ 1995ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆಯೂ ಅಲ್ಲಿಯೇ ಇದೆ. ಹಾಲು ಮಹಾಮಂಡಳದ ಪಶು ಆಹಾರ ಕಾರ್ಖಾನೆಗಳು ರಾಜಾನುಕುಂಟೆ, ಗುಬ್ಬಿ, ಹಾಸನ, ಧಾರವಾಡ, ಶಿಕಾರಿಪುರಗಳಲ್ಲಿವೆ.

2025ರ ನವೆಂಬರ್‌ನಲ್ಲಿ ಮುಸುಕಿನ ಜೋಳದ ಪೇಟೆ ದರ ಕ್ವಿಂಟಲಿಗೆ 2,400 ರೂ.ಗಳ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದು ಹಾವೇರಿ, ಗದಗ ಭಾಗದ ರೈತರು ಬೀದಿಗಿಳಿದುದನ್ನು ಸದಸ್ಯರು ಮರೆತಿರಲಾರರು. ಅದೇ ವೇಳೆಗೆ ರಾಜ್ಯದ ಇನ್ನೊಂದು ತುದಿಯ ಕೊಟ್ಟಿಗೆಗಳು ಬೇಸಿಗೆಯ ಮೇವಿನ ಚಿಂತೆಯಲ್ಲಿರುತ್ತವೆ. ಕಾಳು ಮಾಗುವ ಮುನ್ನವೇ ಒಂದು ಪಾಲು ಬೆಳೆಯನ್ನು ಕರಾರಿನ ಮೇಲೆ ಕೊಂಡು ಮೇವಾಗಿಸಿ ಸಾಗಿಸಬಲ್ಲ ಉದ್ಯಮಿ ಇಬ್ಬರಿಗೂ ಬೇಕಾದವನು. ಆದರೆ ಆ ಮಾಲಿನಲ್ಲಿ ಎಷ್ಟು ನೀರಿದೆ, ಅದರ ಜೊತೆ ಎಷ್ಟು ಹಿಂಡಿ ಬೇಕು ಎಂಬುದನ್ನು ಗ್ರಾಹಕರಿಗೆ ಮರೆಮಾಚದೆ ಹೇಳಿ ಮಾರುವವನ ವ್ಯಾಪಾರ ಮಾತ್ರ ಎರಡನೆಯ ಬೇಸಿಗೆಯನ್ನು ಕಾಣುತ್ತದೆ.